ಮೂರನೇ ಹುಟ್ಟುಹಬ್ಬದ ದಿನ

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸದ ಒತ್ತಡ ಅಂತ ಹೇಳಿದರೆ ಅರ್ಧ ಸುಳ್ಳು. ಇನ್ನರ್ಧ ಕಾರಣ, ಅಮೆರಿಕದಲ್ಲಿರುವ ತಂಗಿಯ ಒಂದು ಫೋನ್ ಕರೆ. ಅದು ನನ್ನನ್ನು ಎಲ್ಲಿಂದ ಎಲ್ಲಿಗೋ ಎಳೆದುಕೊಂಡು ಹೋಯ್ತು.

ಅವಳ ಮಗನಿಗೆ ಎರಡೂವರೆ ವರ್ಷ ದಾಟಿದೆ. ಮಾತು ಬಂದಿಲ್ಲ. ಕರೆದರೆ ತಿರುಗಿ ನೋಡುವುದೂ ಅಪರೂಪ. ವಾರಕ್ಕೊಮ್ಮೆ ಒಬ್ಬ ಥೆರಪಿಸ್ಟ್ ಮನೆಗೇ ಬಂದು, ನೆಲದ ಮೇಲೆ ಕೂತು ಅವನ ಜೊತೆ ಆಡಿಸುತ್ತಾ ಮಾತು ಕಲಿಸುತ್ತಾರೆ. ಈಗ ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟಿನಿಂದ ಒಂದು ಕಾಗದ ಬಂದಿದೆಯಂತೆ. ಮಗುವಿನ ಮೂರನೇ ಹುಟ್ಟುಹಬ್ಬದೊಳಗೆ ಎಲ್ಲಾ ತೀರ್ಮಾನ ಆಗಬೇಕು, ಪರೀಕ್ಷೆ ಮಾಡಲು ನಿಮ್ಮ ಒಪ್ಪಿಗೆ ಬೇಕು, ಸಹಿ ಹಾಕಿ ಅಂತ.

"ಸಹಿ ಹಾಕ್ಲಾ ಬೇಡ್ವಾ ಅಣ್ಣಾ? ಮೂರು ವರ್ಷಕ್ಕೇ ಸ್ಪೆಷಲ್ ಎಜುಕೇಶನ್ ಅಂತ ಹಣೆಪಟ್ಟಿ ಹಚ್ಚಿಬಿಟ್ರೆ? ಅತ್ತೆ ಬೇರೆ, ಗಂಡು ಮಕ್ಕಳಿಗೆ ಮಾತು ತಡ, ಸುಮ್ನಿರು ಅಂತಾರೆ..."

ನಾನು ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. "ಎರಡು ದಿನ ಕೊಡು, ಓದಿ ಹೇಳ್ತೀನಿ" ಅಂದೆ. ಎರಡು ದಿನ ಎರಡು ತಿಂಗಳಾಯ್ತು. (ಉತ್ತರ ಎರಡೇ ದಿನದಲ್ಲಿ ಕೊಟ್ಟೆ, ಓದು ಮಾತ್ರ ನಿಲ್ಲಲಿಲ್ಲ!) ಆ ಕಾಗದದಲ್ಲಿದ್ದ 'ಮೂರನೇ ಹುಟ್ಟುಹಬ್ಬದೊಳಗೆ' ಅನ್ನುವ ಮಾತಿನ ಹಿಂದೆ ಎಷ್ಟು ಜನರ ಬೆವರಿದೆ ಅಂತ ಗೊತ್ತಾದ ಮೇಲೆ ನಿಮಗೂ ಹೇಳಬೇಕು ಅನ್ನಿಸಿತು.

ಮೊದಲು ಈಗಿನ ವ್ಯವಸ್ಥೆ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಅಂಗವೈಕಲ್ಯ ಅಥವಾ ಬೆಳವಣಿಗೆಯಲ್ಲಿ ಹಿನ್ನಡೆ ಇರುವ ಮಗುವಿಗೆ ಹುಟ್ಟಿನಿಂದ ಮೂರು ವರ್ಷದವರೆಗೆ ಒಂದು ವ್ಯವಸ್ಥೆ, ಮೂರರ ನಂತರ ಇನ್ನೊಂದು. ಮೊದಲನೆಯದರಲ್ಲಿ ಇಡೀ ಕುಟುಂಬಕ್ಕೇ ಒಂದು ಯೋಜನೆ, ಸೇವೆ ಹೆಚ್ಚಾಗಿ ಮನೆಯಲ್ಲೇ. ಎರಡನೆಯದರ ಹೊಣೆ ಊರಿನ ಸರ್ಕಾರಿ ಶಾಲಾ ವ್ಯವಸ್ಥೆಯದ್ದು. ಮಗುವಿಗೆ ಮೂರು ತುಂಬುವುದಕ್ಕೆ ಕನಿಷ್ಠ 90 ದಿನ ಮುಂಚೆ, ತಂದೆತಾಯಿ ಒಪ್ಪಿದರೆ, ಎರಡೂ ಕಡೆಯವರನ್ನು ಕೂರಿಸಿ ಸಭೆ ನಡೆಸಬೇಕು. ತಂದೆತಾಯಿ ಸಹಿ ಮಾಡಿದ ಮೇಲೆ 60 ದಿನದೊಳಗೆ ಪರೀಕ್ಷೆ ಮುಗಿಸಬೇಕು (ರಾಜ್ಯ ತನ್ನದೇ ಗಡುವು ಇಟ್ಟುಕೊಂಡಿದ್ದರೆ ಅದು ಲೆಕ್ಕ). ಮಗು ಅರ್ಹ ಅಂತಾದರೆ ಮೂರನೇ ಹುಟ್ಟುಹಬ್ಬದ ಹೊತ್ತಿಗೆ ಐಇಪಿ ತಯಾರಿರಬೇಕು. ಐಇಪಿ ಅಂದರೆ ಆ ಒಂದು ಮಗುವಿಗಾಗಿಯೇ ಬರೆದ ಕಲಿಕೆಯ ಯೋಜನೆ. ವರ್ಷದಲ್ಲಿ ಏನು ಕಲಿಯಬೇಕು, ಯಾರು ಕಲಿಸಬೇಕು, ವಾರಕ್ಕೆ ಎಷ್ಟು ಹೊತ್ತು, ಎಲ್ಲಾ ಅದರಲ್ಲಿರುತ್ತೆ. ಅದನ್ನು ಬರೆಯುವ ತಂಡದಲ್ಲಿ ತಾಯಿತಂದೆಯೂ ಸದಸ್ಯರು. ಒಂದು ಪೈಸೆ ಶುಲ್ಕವಿಲ್ಲ.

ಓದುವಾಗ ಎಷ್ಟು ಸಲೀಸು ಅನ್ನಿಸುತ್ತೆ ಅಲ್ವಾ? ಹೀಗಿರುವುದು 1991ರ ಸುಮಾರಿನಿಂದ ಮಾತ್ರ. ವಿಚಿತ್ರ ಏನು ಗೊತ್ತಾ, ಇಷ್ಟು ಚಿಕ್ಕ ಮಕ್ಕಳಿಗೆ ಕಲಿಸಿದರೆ ಉಪಯೋಗವಿದೆ ಅನ್ನುವ ಸಾಕ್ಷಿ ಅದಕ್ಕೂ 50 ವರ್ಷ ಮೊದಲೇ ಸಿಕ್ಕಿತ್ತು.

1930ರ ದಶಕ. ಅಯೋವಾ ರಾಜ್ಯದ ಒಂದು ಅನಾಥಾಲಯ. ಕಿಕ್ಕಿರಿದ ಕೊಠಡಿಗಳು, ಎತ್ತಿಕೊಳ್ಳುವವರಿಲ್ಲದ ಕೂಸುಗಳು. ಅಲ್ಲಿಗೆ ಹೋಗುತ್ತಿದ್ದ ಹೆರಾಲ್ಡ್ ಸ್ಕೀಲ್ಸ್ ಎಂಬ ಮನಶ್ಶಾಸ್ತ್ರಜ್ಞನಿಗೆ ಎರಡು ಹೆಣ್ಣು ಕೂಸುಗಳು ಕಂಡವು. ಒಂದಕ್ಕೆ 13 ತಿಂಗಳು, ಇನ್ನೊಂದಕ್ಕೆ 16. ಕೂರಲಾರವು, ಅಳುತ್ತಾ ತೂಗಾಡುತ್ತಾ ಇರುತ್ತಿದ್ದವು. ಇವು ಸುಧಾರಿಸುವುದಿಲ್ಲ ಅಂತ ಬುದ್ಧಿಮಾಂದ್ಯರ ಸಂಸ್ಥೆಗೆ ಕಳಿಸಿದರು (ಆ ಕಾಲದ ಪದವನ್ನೇ ಬಳಸ್ತಾ ಇದೀನಿ, ಕ್ಷಮಿಸಿ). ಆರು ತಿಂಗಳ ಮೇಲೆ ಸ್ಕೀಲ್ಸ್ ಆ ಸಂಸ್ಥೆಗೆ ಹೋದಾಗ ವಾರ್ಡಿನಲ್ಲಿ ಎರಡು ಚೂಟಿ ಮಕ್ಕಳು ಓಡಾಡುತ್ತಿದ್ದವು. ಅವೇ ಇವು ಅಂತ ನಂಬಲು ಅವನಿಗೆ ಹೊತ್ತು ಹಿಡಿಯಿತು.

ಏನಾಗಿತ್ತು? ಆ ವಾರ್ಡಿನಲ್ಲಿದ್ದ ಬುದ್ಧಿಮಾಂದ್ಯ ಹೆಂಗಸರೇ ಈ ಕೂಸುಗಳನ್ನು ಎತ್ತಿ ಆಡಿಸಿದ್ದರು. ಮಾತಾಡಿಸಿದ್ದರು, ಮುದ್ದು ಮಾಡಿದ್ದರು. ಅಷ್ಟೇ!

ಇಂಥ 13 ಮಕ್ಕಳನ್ನು ಸ್ಕೀಲ್ಸ್ ಗಮನಿಸಿದ. ಅವರ ಬುದ್ಧಿಸೂಚ್ಯಂಕ ಸರಾಸರಿ 27 ಅಂಕಕ್ಕೂ ಹೆಚ್ಚು ಏರಿತು. ಅನಾಥಾಲಯದಲ್ಲೇ ಉಳಿದ 12 ಮಕ್ಕಳದ್ದು ಸರಾಸರಿ 26 ಅಂಕ ಇಳಿಯಿತು. 1939ರಲ್ಲಿ ಇದನ್ನು ಪ್ರಕಟಿಸಿದಾಗ ದೊಡ್ಡ ದೊಡ್ಡ ವಿದ್ವಾಂಸರು ಮೇಲೆ ಬಿದ್ದರು. ಬುದ್ಧಿ ಹುಟ್ಟಿನಿಂದಲೇ ನಿಗದಿಯಾಗಿರುತ್ತೆ ಅಂತ ನಂಬಿದ್ದ ಕಾಲ ಅದು. ಅಧ್ಯಯನದ ಲೆಕ್ಕಾಚಾರದಲ್ಲಿ ದೋಷಗಳೂ ಇದ್ದವು, ಮಕ್ಕಳ ಸಂಖ್ಯೆಯೂ ಕಡಿಮೆ. ಸ್ಕೀಲ್ಸ್ ಬಿಡಲಿಲ್ಲ. 1960ರ ದಶಕದಲ್ಲಿ ಆ ಮಕ್ಕಳನ್ನು ಮತ್ತೆ ಹುಡುಕಿಕೊಂಡು ಹೋದ, 1966ರಲ್ಲಿ ವರದಿ ಬಂತು. ಆ 13 ಮಂದಿಯೂ ತಮ್ಮ ಕಾಲ ಮೇಲೆ ತಾವು ನಿಂತಿದ್ದರು. ಬಹುತೇಕರನ್ನು ಚಿಕ್ಕಂದಿನಲ್ಲೇ ಯಾರೋ ದತ್ತು ತೆಗೆದುಕೊಂಡಿದ್ದರು. ಇನ್ನೊಂದು ಗುಂಪಿನ 12ರಲ್ಲಿ ಒಬ್ಬ ತೀರಿಕೊಂಡಿದ್ದ, ನಾಲ್ವರು ಇನ್ನೂ ಸಂಸ್ಥೆಗಳಲ್ಲೇ ಇದ್ದರು. ಆ ಗುಂಪಿನಲ್ಲಿ ನಿಜವಾಗಿ ಚೆನ್ನಾಗಿ ನೆಲೆ ಕಂಡವನು ಒಬ್ಬನೇ, ಅವನು ಮುದ್ರಣದ ಅಕ್ಷರ ಜೋಡಿಸುವ ಕೆಲಸದಲ್ಲಿದ್ದ. ಕಿವಿ ಸರಿಯಿಲ್ಲ ಅಂತ ಅವನನ್ನು ಕಿವುಡರ ಶಾಲೆಗೆ ಕಳಿಸಿದ್ದರಂತೆ. ಅಂದರೆ ಆ ಗುಂಪಿನಲ್ಲಿ ವಿಶೇಷ ಶಿಕ್ಷಣ ಸಿಕ್ಕವನು ಅವನು!

ಈ ಸಾಲನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

1949ರ ಹೊತ್ತಿಗೆ ಇಲಿನಾಯ್ ರಾಜ್ಯದಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ಪ್ರಾಧ್ಯಾಪಕರು ಮೂರರಿಂದ ಆರು ವರ್ಷದ ಬುದ್ಧಿಮಾಂದ್ಯ ಮಕ್ಕಳಿಗೇ ಒಂದು ಶಿಶುವಿಹಾರ ಶುರು ಮಾಡಿ ಫಲಿತಾಂಶ ನೋಡಿದರು. 1958ರಲ್ಲಿ ಪುಸ್ತಕ ಬರೆದರು. ಅವರಿಗೂ ಕಂಡಿದ್ದು ಇದೇ, ಬೇಗ ಕಲಿಸಿದ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಬಂದರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ ಬಡಮಕ್ಕಳಿಗಾಗಿ 'ಹೆಡ್ ಸ್ಟಾರ್ಟ್' ಅನ್ನುವ ಪೂರ್ವ ಪ್ರಾಥಮಿಕ ಯೋಜನೆ ಶುರುವಾಯ್ತು. 1968ರ ಸೆಪ್ಟೆಂಬರಿನಲ್ಲಿ ಅಂಗವಿಕಲ ಪುಟ್ಟ ಮಕ್ಕಳಿಗಾಗಿಯೇ ಮೊದಲ ಕೇಂದ್ರ ಕಾನೂನು ಬಂತು. ಅದರ ಹಣದಲ್ಲಿ ದೇಶದ ಅಲ್ಲಲ್ಲಿ ಮಾದರಿ ಕೇಂದ್ರಗಳು ತೆರೆದವು. 1972ರಲ್ಲಿ ಹೆಡ್ ಸ್ಟಾರ್ಟ್‌ನ ಕನಿಷ್ಠ ಶೇಕಡಾ 10 ಜಾಗ ಅಂಗವಿಕಲ ಮಕ್ಕಳಿಗೆ ಅಂತ ಕಾನೂನಾಯ್ತು.

ಒಳ್ಳೇದೇ. ಆದರೆ ಗಮನಿಸಿ, ಇದೆಲ್ಲಾ 'ಇದ್ದರೆ ಸಿಗುತ್ತೆ' ಬಗೆಯದ್ದು. ನಿಮ್ಮೂರಿನಲ್ಲಿ ಮಾದರಿ ಕೇಂದ್ರ ಇದ್ದರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ಮನೆಯಲ್ಲಿ ಕೂತಿರಿ. ಹಕ್ಕು ಅನ್ನೋದು ಇನ್ನೂ ಹುಟ್ಟಿರಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳಲೇಬೇಕು. ನಮ್ಮ ದೊಡ್ಡಮ್ಮನ ಮಗ, ನನಗಿಂತ ಏಳೆಂಟು ವರ್ಷ ದೊಡ್ಡವನು. ಆರು ವರ್ಷವಾದರೂ ಮಾತು ಬಂದಿರಲಿಲ್ಲ. ದೊಡ್ಡಮ್ಮ ಹೊಸ ಚಡ್ಡಿ ಹಾಕಿಸಿ, ಸ್ಲೇಟು ಬಳಪ ಕೊಡಿಸಿ ಶಾಲೆಗೆ ಕರೆದುಕೊಂಡು ಹೋದರಂತೆ. ಮೇಷ್ಟ್ರು ಬೈಯಲಿಲ್ಲ, ಪಾಪ ಒಳ್ಳೆಯವರೇ. "ಮಾತು ಬಂದ ಮೇಲೆ ಕರ್ಕೊಂಡು ಬನ್ನಿ ಅಮ್ಮಾ" ಅಂದರಂತೆ. ಮಾತು ಕಲಿಸುವವರು ಯಾರೂ ಇರಲಿಲ್ಲ, ಹಾಗಾಗಿ ಮಾತು ಬರಲಿಲ್ಲ. ಮಾತು ಬರಲಿಲ್ಲ, ಹಾಗಾಗಿ ಶಾಲೆ ಸಿಗಲಿಲ್ಲ.

ಇದು ನಮ್ಮ ಮಲೆನಾಡಿನ ಹಿಂದುಳಿದಿರುವಿಕೆ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಪೆನ್ಸಿಲ್ವೇನಿಯಾದಲ್ಲಿ ಇದು ಕಾನೂನೇ ಆಗಿತ್ತು ಅಂತ ಈಗ ಗೊತ್ತಾಯ್ತು. ಐದು ವರ್ಷದ 'ಮಾನಸಿಕ ವಯಸ್ಸು' ತಲುಪದ ಮಗುವನ್ನು ಶಾಲೆ ಸೇರಿಸಿಕೊಳ್ಳದೇ ಇರಬಹುದು ಅಂತ ಆ ರಾಜ್ಯದ ಕಾನೂನು ಹೇಳುತ್ತಿತ್ತು. 'ಕಲಿಸಲು ಅಸಾಧ್ಯ' ಅಂತ ಷರಾ ಬರೆದು ಹೊರಗೆ ಕಳಿಸುವುದಕ್ಕೂ ಅವಕಾಶವಿತ್ತು. ಸಿದ್ಧವಾದ ಮೇಲೆ ಬಾ, ಸಿದ್ಧ ಮಾಡುವುದು ನಮ್ಮ ಕೆಲಸವಲ್ಲ. ನಮ್ಮ ಮೇಷ್ಟ್ರು ಹೇಳಿದ್ದೂ ಅದೇ ತಾನೆ?

ಅಲ್ಲಿನ ತಂದೆತಾಯಿಗಳ ಸಂಘ 1971ರ ಜನವರಿಯಲ್ಲಿ ರಾಜ್ಯದ ವಿರುದ್ಧ ಕೋರ್ಟಿಗೆ ಹೋಯ್ತು. ವಕೀಲ ಥಾಮಸ್ ಗಿಲ್ಹೂಲ್. ಅವರ ಸ್ವಂತ ತಮ್ಮನಿಗೇ ಬೌದ್ಧಿಕ ನ್ಯೂನತೆ ಇತ್ತು. ಹಾಗಾಗಿ ಅವರಿಗೆ ಇದು ಬರೀ ಫೈಲಾಗಿರಲಿಲ್ಲ. ತಜ್ಞರು ಬಂದು ಸಾಕ್ಷಿ ಹೇಳಿದರು. ಕಲಿಯಲಾಗದ ಮಗು ಅಂತ ಯಾವುದೂ ಇಲ್ಲ, ಕೆಲವರು ಓದುವುದು ಕಲಿಯಬಹುದು, ಕೆಲವರು ತಾವೇ ಉಣ್ಣುವುದು ಕಲಿಯಬಹುದು, ಎರಡೂ ಕಲಿಕೆಯೇ. ಮತ್ತು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು ಅಂತ. ಆ ಸಾಕ್ಷ್ಯ ಕೇಳಿದ ಮೇಲೆ ರಾಜ್ಯ ಸರ್ಕಾರ ಹೋರಾಡದೆ ರಾಜಿಗೆ ಬಂತು. 1971ರ ಅಕ್ಟೋಬರಿನಲ್ಲಿ ಆದೇಶವಾಯ್ತು, 1972ರಲ್ಲಿ ಅಂತಿಮ ರೂಪ ಪಡೆಯಿತು.

ಆ ಆದೇಶದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಎರಡು. ಒಂದು, ಹೊರಗುಳಿದ ಮಕ್ಕಳನ್ನು ಹುಡುಕುವ ಕೆಲಸ ಸರ್ಕಾರದ್ದು. ತಾಯಿ ಸ್ಲೇಟು ಹಿಡಿದು ಶಾಲೆಯ ಬಾಗಿಲಿಗೆ ಬರಬೇಕಾಗಿಲ್ಲ, ಶಾಲೆಯೇ ಅವಳ ಬಾಗಿಲಿಗೆ ಹೋಗಬೇಕು. ಎರಡು, ಆರು ವರ್ಷದೊಳಗಿನ ಬೇರೆ ಮಕ್ಕಳಿಗೆ ಸರ್ಕಾರ ಶಿಶುವಿಹಾರ ನಡೆಸುತ್ತಿದ್ದರೆ ಅದೇ ವಯಸ್ಸಿನ ಬುದ್ಧಿಮಾಂದ್ಯ ಮಕ್ಕಳಿಗೂ ಅದು ಸಿಗಬೇಕು. ಪುಟ್ಟ ಮಕ್ಕಳ ಹಕ್ಕಿನ ಮೊದಲ ಕುಡಿ ಅಲ್ಲಿದೆ ಅಂತ ನನ್ನ ಎಣಿಕೆ.

ಅದೇ ಹೊತ್ತಿಗೆ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಏಳು ಮಕ್ಕಳ ಪರವಾಗಿ ಇನ್ನೊಂದು ಕೇಸು, 'ಮಿಲ್ಸ್' ಕೇಸು ಅಂತ ಪ್ರಸಿದ್ಧ. ಅಲ್ಲಿನ ಶಾಲಾ ಮಂಡಳಿ 12 ಸಾವಿರಕ್ಕೂ ಹೆಚ್ಚು ಅಂಗವಿಕಲ ಮಕ್ಕಳಿಗೆ ಆ ವರ್ಷ ಸೇವೆ ಕೊಡಲಾಗುವುದಿಲ್ಲ ಅಂತ ತಾನೇ ಲೆಕ್ಕ ಕೊಟ್ಟಿತ್ತು. ಕಾರಣ ಕೇಳಿದರೆ, ದುಡ್ಡಿಲ್ಲ. 1972ರ ಆಗಸ್ಟ್ 1ರಂದು ನ್ಯಾಯಾಧೀಶ ಜೋಸೆಫ್ ವಾಡಿ ತೀರ್ಪು ಕೊಟ್ಟರು. ದುಡ್ಡು ಸಾಲದಿದ್ದರೆ ಇರುವುದನ್ನೇ ಎಲ್ಲರಿಗೂ ನ್ಯಾಯವಾಗಿ ಹಂಚಿ, ಕೊರತೆಯ ಹೊರೆಯನ್ನೆಲ್ಲಾ ಈ ಮಕ್ಕಳ ತಲೆಗೇ ಕಟ್ಟಬೇಡಿ ಅನ್ನುವುದು ಅದರ ತಾತ್ಪರ್ಯ. ಮನೆಯಲ್ಲಿ ಅನ್ನ ಕಡಿಮೆ ಬಿದ್ದ ದಿನ ಒಬ್ಬ ಮಗನನ್ನು ಮಾತ್ರ ಉಪವಾಸ ಕೆಡವಬೇಡಿ ಅಂದ ಹಾಗೆ.

ಈ ಎರಡು ಕೇಸುಗಳ ಬಲದ ಮೇಲೆ 1975ರ ನವೆಂಬರ್ 29ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿಯೊಂದಿಗೆ ದೊಡ್ಡ ಕಾನೂನು ಬಂತು. ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಅಂಗವಿಕಲ ಮಕ್ಕಳಿದ್ದಾರೆ, ಅರ್ಧಕ್ಕೂ ಹೆಚ್ಚು ಮಂದಿಗೆ ತಕ್ಕ ಶಿಕ್ಷಣವಿಲ್ಲ, 10 ಲಕ್ಷ ಮಕ್ಕಳು ಪೂರ್ತಿ ಹೊರಗೇ ಇದ್ದಾರೆ ಅಂತ ಕಾನೂನಿನ ಪೀಠಿಕೆಯಲ್ಲೇ ಒಪ್ಪಿಕೊಂಡರು. ಐಇಪಿ ಹುಟ್ಟಿದ್ದು ಆಗಲೇ. ತೀರ್ಮಾನ ಸರಿಯಿಲ್ಲ ಅನ್ನಿಸಿದರೆ ಪ್ರಶ್ನಿಸುವ ಹಕ್ಕು ಎಲ್ಲಾ ರಾಜ್ಯಗಳ ತಂದೆತಾಯಿಗಳಿಗೂ ಬಂದಿದ್ದು ಆಗಲೇ.

ಆದರೆ... (ಇಂಥ ಕಥೆಗಳಲ್ಲಿ ಯಾವಾಗಲೂ ಒಂದು ಆದರೆ ಇರುತ್ತೆ ನೋಡಿ.) ಮೂರರಿಂದ ಐದು ವರ್ಷದ ಮಕ್ಕಳ ವಿಷಯಕ್ಕೆ ಬಂದಾಗ ಕಾನೂನು ಒಂದು ಕಿಂಡಿ ಬಿಟ್ಟಿತು. ರಾಜ್ಯದ ಕಾನೂನಿಗೋ ರೂಢಿಗೋ ಹೊಂದದಿದ್ದರೆ ಈ ವಯಸ್ಸಿನವರಿಗೆ ಸೇವೆ ಕೊಡಲೇಬೇಕಿಲ್ಲ ಅಂತ. ಕೊಟ್ಟರೆ ಮಗುವಿಗೆ 300 ಡಾಲರ್‌ವರೆಗೆ ಪ್ರೋತ್ಸಾಹಧನ. ಆರು ವರ್ಷದವನಿಗೆ ಹಕ್ಕು, ಮೂರು ವರ್ಷದವನಿಗೆ ಪ್ರೋತ್ಸಾಹಧನ! ಸ್ಕೀಲ್ಸ್ ಸಾಕ್ಷಿ ತಂದಿದ್ದು ಯಾರ ಬಗ್ಗೆ? ಕೂಸುಗಳ ಬಗ್ಗೆ. ಹಕ್ಕು ಬಂದಾಗ ಹೊರಗುಳಿದವರು ಯಾರು? ಅವರೇ.

ಆ ಕಿಂಡಿ ಮುಚ್ಚಲು ಇನ್ನೂ 11 ವರ್ಷ ಬೇಕಾಯ್ತು. ಸೆನೆಟ್ಟಿನಲ್ಲಿ ಇದಕ್ಕಾಗಿ ಹಟ ಹಿಡಿದವರು ಲೊವೆಲ್ ವೈಕರ್, ಆಗ ಶಿಕ್ಷಣ ಇಲಾಖೆಯಲ್ಲಿ ವಿಶೇಷ ಶಿಕ್ಷಣದ ಹೊಣೆ ಹೊತ್ತಿದ್ದವರು ಮೆಡಲಿನ್ ವಿಲ್. ಇಬ್ಬರೂ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಪಾಲಕರು. 1986ರ ಅಕ್ಟೋಬರ್ 8ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ತಿದ್ದುಪಡಿ ಹೇಳಿದ್ದು ಇಷ್ಟು. 1991-92ರ ಶಾಲಾ ವರ್ಷದೊಳಗೆ ಮೂರರಿಂದ ಐದು ವರ್ಷದ ಎಲ್ಲಾ ಅಂಗವಿಕಲ ಮಕ್ಕಳಿಗೂ ಸೇವೆ ಕೊಡಿ, ಇಲ್ಲದಿದ್ದರೆ ಈ ವಯಸ್ಸಿನ ಮಕ್ಕಳ ಹೆಸರಿನಲ್ಲಿ ಬರುವ ಕೇಂದ್ರದ ಹಣ ನಿಲ್ಲುತ್ತೆ. ಜೊತೆಗೆ ಹುಟ್ಟಿನಿಂದ ಮೂರರವರೆಗಿನ ಕೂಸುಗಳಿಗೆ ಪ್ರತ್ಯೇಕ ಕಾರ್ಯಕ್ರಮ. ನನ್ನ ತಂಗಿಯ ಮನೆಯ ನೆಲದ ಮೇಲೆ ಕೂತು ಆಡಿಸುವ ಥೆರಪಿಸ್ಟ್ ಇದ್ದಾರಲ್ಲ, ಅವರು ಬಂದಿದ್ದು ಈ ಬಾಗಿಲಿನಿಂದ.

ಹಾಗಂತ ಅಲ್ಲಿ ಎಲ್ಲಾ ಸ್ವರ್ಗ ಅಂತ ಅಲ್ಲ. ವಿಶೇಷ ಶಿಕ್ಷಣದ ಹೆಚ್ಚುವರಿ ಖರ್ಚಿಗೆ ಸರಾಸರಿ ವಿದ್ಯಾರ್ಥಿ ವೆಚ್ಚದ ಶೇಕಡಾ 40ರವರೆಗೆ ಕೊಡುತ್ತೇವೆ ಅಂತ ಕೇಂದ್ರ 1975ರಲ್ಲಿ ಮಾತು ಕೊಟ್ಟಿತ್ತು. ಒಂದು ವರ್ಷವೂ ಅಷ್ಟು ಕೊಟ್ಟಿಲ್ಲ.

ಇನ್ನು ತಂಗಿಯ ಭಯದ ವಿಷಯ, ಆ ಹಣೆಪಟ್ಟಿ. ಈ ಭಯ ಅಲ್ಲಿನವರಿಗೂ ಇತ್ತು. 1991ರ ತಿದ್ದುಪಡಿಯಲ್ಲಿ ಅದಕ್ಕೊಂದು ದಾರಿ ಮಾಡಿದರು. ಮೂರರಿಂದ ಐದು ವರ್ಷದ ಮಗುವಿಗೆ ರೋಗದ ಹೆಸರನ್ನೋ ನ್ಯೂನತೆಯ ಹೆಸರನ್ನೋ ಅಂಟಿಸದೆ 'ಬೆಳವಣಿಗೆಯಲ್ಲಿ ವಿಳಂಬ' ಅಂತಷ್ಟೇ ಬರೆದು ಸೇವೆ ಶುರು ಮಾಡಲು ರಾಜ್ಯಗಳಿಗೆ ಅವಕಾಶ ಕೊಟ್ಟರು. 1997ರಲ್ಲಿ ಅದನ್ನು ಒಂಬತ್ತು ವರ್ಷದವರೆಗೆ ವಿಸ್ತರಿಸಿದರು. ಇನ್ನೊಂದು ವಿಷಯ, ಪರೀಕ್ಷೆಗೆ ಹಾಕುವ ಸಹಿ ಸೇವೆಗೆ ಹಾಕಿದ ಸಹಿ ಅಲ್ಲ. ಪರೀಕ್ಷೆಯ ವರದಿ ನೋಡಿಕೊಂಡು ಸೇವೆ ಬೇಡ ಅನ್ನಬಹುದು. ಶುರುವಾದ ಮೇಲೂ ಬರೆದು ಕೊಟ್ಟು ಹಿಂದೆ ತೆಗೆದುಕೊಳ್ಳಬಹುದು.

ಹೊರನಾಡ ಕನ್ನಡಿಗರು ನೆನಪಿಡಬೇಕಾದ್ದು ಇನ್ನೊಂದಿದೆ. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್. ಮಗು ಇಂಗ್ಲಿಷ್ ಪ್ರಶ್ನೆಗೆ ಉತ್ತರ ಕೊಡಲಿಲ್ಲ ಅಂದ ಮಾತ್ರಕ್ಕೆ ಅದಕ್ಕೆ ಬುದ್ಧಿಯಿಲ್ಲ ಅನ್ನಲಾಗುತ್ತಾ? 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಗಿತ್ತು. ಸ್ಪ್ಯಾನಿಷ್ ಮಾತಾಡುವ ಒಂಬತ್ತು ಮಕ್ಕಳನ್ನು ಇಂಗ್ಲಿಷ್ ಪರೀಕ್ಷೆಯ ಅಂಕ ನೋಡಿ ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಅವರ ಭಾಷೆಯಲ್ಲಿ ಮತ್ತೆ ಪರೀಕ್ಷೆ ಮಾಡಿದರೆ ಬಹುಪಾಲು ಮಕ್ಕಳು ಆ ತರಗತಿಗೆ ಸೇರಬೇಕಾದವರೇ ಅಲ್ಲ! 'ಡಯಾನಾ' ಕೇಸು ಅಂತ ಅದಕ್ಕೆ ಹೆಸರು. ಮಗುವಿನ ಸ್ವಂತ ಭಾಷೆಯಲ್ಲಿ, ಅದು ಸಾಧ್ಯವೇ ಇಲ್ಲ ಅನ್ನುವಂತಿದ್ದರೆ ಮಾತ್ರ ಬೇರೆ ರೀತಿಯಲ್ಲಿ, ಪರೀಕ್ಷೆ ಮಾಡಬೇಕು ಅಂತ ಈಗಿನ ಕಾನೂನಿನಲ್ಲೇ ಇದೆ. ಸಭೆಯಲ್ಲಿ ತಾಯಿತಂದೆಗೆ ಇಂಗ್ಲಿಷ್ ಸಾಲದಿದ್ದರೆ ದುಭಾಷಿಯ ವ್ಯವಸ್ಥೆ ಮಾಡುವುದೂ ಶಾಲೆಯ ಕೆಲಸ. ಹಾಗಾಗಿ ಸಂಕೋಚ ಬೇಡ, ನಮ್ಮ ಮನೆಮಾತು ಕನ್ನಡ ಅಂತ ಮೊದಲ ದಿನವೇ ಬರೆದು ಕೊಡಿ.

ಇಷ್ಟೆಲ್ಲಾ ಓದಿದ ಮೇಲೆ ನಮ್ಮ ಕಡೆ ತಿರುಗಿ ನೋಡದೆ ಇರಲಾಗಲಿಲ್ಲ. ಅಲ್ಲಿ ಫೋರ್ಡ್ ಸಹಿ ಹಾಕಿದ ವರ್ಷವೇ, 1975ರ ಅಕ್ಟೋಬರ್ 2ರಂದು, ನಮ್ಮಲ್ಲಿ ಅಂಗನವಾಡಿ ಯೋಜನೆ ಶುರುವಾಯ್ತು. ದೇಶದ ಮೊದಲ 33 ಕಡೆಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಅಂದರೆ ಆರು ವರ್ಷದೊಳಗಿನ ಮಕ್ಕಳ ಬಾಗಿಲಿಗೆ ಹೋಗುವ ವ್ಯವಸ್ಥೆ ನಮ್ಮಲ್ಲಿ ಹಳೆಯದೇ. ಆದರೆ ಹಕ್ಕಿನ ಲೆಕ್ಕ ನೋಡಿ. 1995ರ ಅಂಗವಿಕಲರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣ ಅಂದಿತ್ತು, ಕೆಳಗಿನ ಮಿತಿ ಹಾಕಿರಲಿಲ್ಲ. 2016ರ ಹೊಸ ಕಾಯ್ದೆ ಎಷ್ಟೋ ವಿಷಯದಲ್ಲಿ ಉದಾರ, ಆದರೆ ಉಚಿತ ಶಿಕ್ಷಣದ ಹಕ್ಕನ್ನು 6ರಿಂದ 18 ಅಂತ ಬರೆಯಿತು. ಆರರ ಕೆಳಗಿನವರಿಗೆ ಕಿಂಡಿ! 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ತಪಾಸಣೆ ಇದೆ, ಬೆಳವಣಿಗೆಯ ವಿಳಂಬವೂ ಅದರಲ್ಲಿ ಸೇರಿದೆ. 2023ರ ನವೆಂಬರಿನಲ್ಲಿ ಅಂಗವಿಕಲ ಮಕ್ಕಳಿಗಾಗಿ ಅಂಗನವಾಡಿಗಳಿಗೆ ಒಂದು ಮಾರ್ಗಸೂಚಿಯನ್ನೂ ಕೇಂದ್ರ ತಂದಿದೆ. ಎಲ್ಲಾ ಒಳ್ಳೆಯ ಹೆಜ್ಜೆಗಳೇ. ಆದರೆ 60 ದಿನ ಅಂತ ಗಡಿಯಾರ ಓಡಿಸುವ ಸಹಿ ನಮ್ಮ ತಾಯಂದಿರ ಕೈಯಲ್ಲಿಲ್ಲ.

ನಮ್ಮ ದೊಡ್ಡಮ್ಮನ ಮಗ ಈಗ ಜಗಲಿಯ ಮೇಲೆ ಕೂತು ಅಡಿಕೆ ಸುಲಿಯುತ್ತಾನೆ. ಸುಲಿಯುವುದರಲ್ಲಿ ಅವನನ್ನು ಮೀರಿಸುವವರು ನಮ್ಮೂರಲ್ಲಿಲ್ಲ. ಯಾರೋ ಒಬ್ಬರು ಪಕ್ಕದಲ್ಲಿ ಕೂತು, ಕೈ ಹಿಡಿದು ಕಲಿಸಿದ್ದರು ಅದನ್ನ. ಕಲಿತ. ಅವನು ಕಲಿಯಲಾರ ಅಂತ ಯಾರು ಹೇಳಿದ್ದು?

ತಂಗಿಗೆ ನಾನು ಹೇಳಿದ್ದು ಇಷ್ಟೇ. "ಅದು ಹಣೆಪಟ್ಟಿ ಅಲ್ಲ ಮಾರಾಯ್ತಿ, ನಿನ್ನಂಥ ತಾಯಂದಿರು ಕೋರ್ಟು ಹತ್ತಿ ತಂದುಕೊಟ್ಟ ಕಾಗದ. ಸಹಿ ಹಾಕು."

ಹಾಕಿದಳು. ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ದಿನ ಎಣಿಸುತ್ತಿದ್ದಾಳೆ. ಹುಟ್ಟುಹಬ್ಬ ಮುಂದಿನ ತಿಂಗಳು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಒಂದು ಮಗು ಇದ್ದರೆ, "ಇನ್ನೂ ಚಿಕ್ಕದು, ನೋಡೋಣ" ಅನ್ನುವ ಮುಂಚೆ ಆ ಅಯೋವಾದ ಎರಡು ಕೂಸುಗಳನ್ನು ನೆನಪಿಸಿಕೊಳ್ಳಿ. ಏನಂತೀರಿ?